ಹಿಡಿದ ಧೂಳನ್ನು ಯಾರು ನೋಡಬೇಕು?

ಹಿಟ್ಟಿನ ಗಿರಣಿಗೆ ಜೋಳವೋ ರಾಗಿಯೋ ಹೊತ್ತುಕೊಂಡು ಹೋದವರಿಗೆಲ್ಲ ಆ ಬಟ್ಟೆಯ ಚೀಲ ಗೊತ್ತು. ಹಿಟ್ಟು ಬೀಳುವ ಬಾಯಿಗೆ ಉದ್ದನೆಯ ತೋಳಿನ ಹಾಗೆ ಕಟ್ಟಿರುತ್ತಾರೆ. ಕಲ್ಲಿನ ಮಧ್ಯದಿಂದ ಬರುವ ಬಿಸಿ ಗಾಳಿ ಬಟ್ಟೆಯ ಎಳೆಗಳ ಸಂದಿಯಿಂದ ಹೊರಗೆ ಹೋಗುತ್ತದೆ. ಹಿಟ್ಟು ಒಳಗೇ ಉಳಿದು ಡಬ್ಬಕ್ಕೆ ಬೀಳುತ್ತದೆ. ಗಿರಣಿಯವರು ಆಗಾಗ ಆ ಬಟ್ಟೆಗೆ ಎರಡು ಏಟು ಹಾಕುತ್ತಾರೆ. ಹಾಕದೆ ಬಿಟ್ಟರೆ ಸಂದಿಯೆಲ್ಲ ಮುಚ್ಚಿಕೊಂಡು ಗಾಳಿಗೆ ದಾರಿ ಇರುವುದಿಲ್ಲ. ಆಗ ಕಟ್ಟಿದ ಜಾಗದಿಂದಲೇ ಹಿಟ್ಟು ಹಾರಿ ಕೋಣೆಯೆಲ್ಲ ಬೆಳ್ಳಗಾಗುತ್ತದೆ.

ದೊಡ್ಡ ಕಾರ್ಖಾನೆಗಳ ಹೊರಗೆ ಎತ್ತರಕ್ಕೆ ನಿಂತಿರುವ ಡಸ್ಟ್ ಕಲೆಕ್ಟರ್, ಅಂದರೆ ಧೂಳು ಹಿಡಿಯುವ ಯಂತ್ರ, ಮಾಡುವುದೂ ಇಷ್ಟೇ ಕೆಲಸ. ಗಾಳಿಯನ್ನು ಹೊರಗೆ ಬಿಡುವುದು, ಧೂಳನ್ನು ಒಳಗೆ ಉಳಿಸಿಕೊಳ್ಳುವುದು. ಅಲ್ಲಿ ಒಂದು ಚೀಲದ ಬದಲು ನೂರಾರು ಚೀಲ ಇರುತ್ತವೆ. ಕೈಯಿಂದ ಏಟು ಹಾಕುವ ಬದಲು ಒತ್ತಡದ ಗಾಳಿ ಬಿಟ್ಟು ಜಾಡಿಸುತ್ತಾರೆ.

ಈ ಯಂತ್ರದ ಚರಿತ್ರೆ ಓದುತ್ತಾ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಧೂಳನ್ನು ಹಿಡಿಯುವುದು ಹೇಗೆಂದು ಮನುಷ್ಯರು ಬಹಳ ಹಿಂದೆಯೇ ಕಲಿತರು. ಹಿಡಿದ ಧೂಳನ್ನು ದಿನಾ ನೋಡಿಕೊಳ್ಳುವುದನ್ನು ಮಾತ್ರ ಮತ್ತೆ ಮತ್ತೆ ಮರೆತರು. ಹಾಗೆ ಮರೆತ ಕಡೆಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥವರ ಮನೆಯ ಮಕ್ಕಳೇ.

ಧೂಳು ಸಿಡಿಯುತ್ತದೆಯೇ?

ಸಿಡಿಯುತ್ತದೆ. ಒಲೆಗೆ ಇಡೀ ದಿಮ್ಮಿ ಇಟ್ಟರೆ ಹತ್ತಿಕೊಳ್ಳಲು ಹೊತ್ತು ಬೇಕು. ಅದನ್ನೇ ಸೀಳಿ ಇಟ್ಟರೆ ಬೇಗ ಹತ್ತುತ್ತದೆ, ಸಣ್ಣ ಸಿಬಿರು ಮಾಡಿದರೆ ಇನ್ನೂ ಬೇಗ. ಅದೇ ಮರ ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ತೇಲುತ್ತಿದ್ದರೆ ಒಂದೊಂದು ಕಣದ ಸುತ್ತಲೂ ಗಾಳಿ ಇರುತ್ತದೆ. ಕಿಡಿ ತಾಗಿದರೆ ಎಲ್ಲವೂ ಒಂದೇ ಕ್ಷಣದಲ್ಲಿ ಉರಿಯುತ್ತದೆ. ಆ ಜಾಗ ಮುಚ್ಚಿದ ಕೋಣೆಯೋ ಪೆಟ್ಟಿಗೆಯೋ ಆಗಿದ್ದರೆ ಬಿಸಿಗೆ ಹಿಗ್ಗಿದ ಗಾಳಿ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ.

ಗೋಧಿ ಹಿಟ್ಟು, ಸಕ್ಕರೆ ಪುಡಿ, ಮರದ ಪುಡಿ, ಪ್ಲಾಸ್ಟಿಕ್ ಪುಡಿ, ಅಲ್ಯೂಮಿನಿಯಂ ಪುಡಿ ಎಲ್ಲವೂ ಹೀಗೆ ಸಿಡಿಯಬಲ್ಲವು. ಹಿಟ್ಟು ಅಥವಾ ಸಕ್ಕರೆಯಾದರೆ ಒಂದು ಘನ ಮೀಟರ್ ಗಾಳಿಗೆ ಸುಮಾರು 50–60 ಗ್ರಾಂ ತೇಲುತ್ತಿದ್ದರೂ ಸಾಕು. ಅಷ್ಟು ಹಿಟ್ಟು ನಮ್ಮ ಬೊಗಸೆಯಲ್ಲೇ ಹಿಡಿಯುತ್ತದೆ.

ಇನ್ನೊಂದು ವಿಷಯ ತಿಳಿದಿರಬೇಕು. ಇಂಥ ಅನಾಹುತಗಳಲ್ಲಿ ಮೊದಲ ಸಿಡಿತ ಹೆಚ್ಚಾಗಿ ಸಣ್ಣದು. ಅದು ಯಾವುದೋ ಒಂದು ಯಂತ್ರದ ಒಳಗೆ ಆಗುತ್ತದೆ. ಅದರ ಹೊಡೆತಕ್ಕೆ ತೊಲೆ, ಪೈಪು, ದೀಪದ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳು ಒಮ್ಮೆಲೇ ಗಾಳಿಗೆ ಏಳುತ್ತದೆ. ಹಿಂದೆಯೇ ಬರುವ ಬೆಂಕಿ ಅದಕ್ಕೆ ತಾಗುತ್ತದೆ. ಕಟ್ಟಡ ಉರುಳಿಸುವುದು, ಜನರನ್ನು ಕೊಲ್ಲುವುದು ಈ ಎರಡನೆಯ ಸಿಡಿತ. ಅದಕ್ಕೇ ಅಮೆರಿಕದ ಸುರಕ್ಷತಾ ಮಾನದಂಡಗಳು ಒಂದು ಇಂಚಿನ 32ನೇ ಒಂದು ಭಾಗದಷ್ಟು, ಅಂದರೆ ಪೇಪರ್ ಕ್ಲಿಪ್ಪಿನ ತಂತಿಯಷ್ಟು ದಪ್ಪ ಧೂಳು ಕೂತರೂ ಎಚ್ಚರಿಕೆ ಎನ್ನುತ್ತವೆ.

ಬೇಕರಿಯಿಂದ ಗಿರಣಿಗೆ

ಧೂಳು ಸಿಡಿದದ್ದನ್ನು ಕಾರಣ ಹುಡುಕಿ ಬರೆದಿಟ್ಟ ಮೊದಲ ದಾಖಲೆಗಳಲ್ಲಿ ಒಂದು ಇಟಲಿಯ ಟ್ಯೂರಿನ್ ಪಟ್ಟಣದ್ದು. 1785ರ ಡಿಸೆಂಬರಿನಲ್ಲಿ ಅಲ್ಲಿನ ಒಂದು ಬೇಕರಿಯ ಹಿಟ್ಟಿನ ಉಗ್ರಾಣ ಸಿಡಿಯಿತು. ಹುಡುಗನೊಬ್ಬ ಹಿಟ್ಟು ಕೆದಕಿ ಕೆಳಕ್ಕೆ ಬೀಳಿಸುತ್ತಿದ್ದ. ಗೋಡೆಯಲ್ಲಿ ದೀಪ ಉರಿಯುತ್ತಿತ್ತು. ಹಾರಿದ ಹಿಟ್ಟಿಗೆ ದೀಪ ತಾಗಿತು. ಮೊರೊಝೊ ಎಂಬ ಕೌಂಟ್ ಇದನ್ನು ಪರಿಶೀಲಿಸಿ, ಆ ವರ್ಷ ಮಳೆ ಬಾರದೆ ಹಿಟ್ಟು ತುಂಬಾ ಒಣಗಿತ್ತು ಎಂಬುದನ್ನೂ ಗುರುತಿಸಿದ. ಆದರೆ ಇದು ಒಂದು ಬೇಕರಿಯ ವಿಚಿತ್ರ ಸಂಗತಿ ಎಂಬಂತೆ ಉಳಿಯಿತು.

ಲೋಕ ಬೆಚ್ಚಿಬಿದ್ದದ್ದು ಸುಮಾರು 92 ವರ್ಷದ ನಂತರ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಮಿಸಿಸಿಪ್ಪಿ ನದಿಯ ಜಲಪಾತದ ಶಕ್ತಿಯಿಂದ ಓಡುವ ಹಿಟ್ಟಿನ ಗಿರಣಿಗಳ ಸಾಲೇ ಅಲ್ಲಿತ್ತು. ಅದರಲ್ಲಿ ದೊಡ್ಡದು ವಾಶ್‌ಬರ್ನ್ ಎ ಮಿಲ್. 1874ರಲ್ಲಿ ಕಟ್ಟಿದ್ದು, ಏಳು ಅಂತಸ್ತಿಗೂ ಮೀರಿದ ಕಲ್ಲಿನ ಕಟ್ಟಡ. 1878ರ ಮೇ 2ರ ಸಂಜೆ ಹಗಲು ಪಾಳಿಯವರು ಮನೆಗೆ ಹೋಗಿ ಸುಮಾರು ಒಂದು ಗಂಟೆಯಾಗಿತ್ತು. ರಾತ್ರಿ ಪಾಳಿಯ 14 ಜನ ಒಳಗಿದ್ದರು. ಗಿರಣಿ ಸಿಡಿಯಿತು. ಆ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬೆಂಕಿ ಪಕ್ಕದ ಗಿರಣಿಗಳಿಗೂ ಹಬ್ಬಿ ಇನ್ನೂ 4 ಜನ ಸತ್ತರು. ಹಗಲು ಪಾಳಿಯ ಹೊತ್ತಿನಲ್ಲಿ ಆಗಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು.

ಮಿನೆಸೋಟ ವಿಶ್ವವಿದ್ಯಾಲಯದ ಪೆಕ್ ಮತ್ತು ಪೆಕ್‌ಹ್ಯಾಮ್ ಎಂಬ ಇಬ್ಬರು ಪ್ರಾಧ್ಯಾಪಕರು ಕಾರಣ ಹುಡುಕಿದರು. ಪೆಟ್ಟಿಗೆಯಲ್ಲಿ ಹಿಟ್ಟು ಹಾರಿಸಿ, ಬೆಂಕಿ ತಾಗಿಸಿ, ಅದು ಹೇಗೆ ಸಿಡಿಯುತ್ತದೆ ಎಂದು ಜನರ ಮುಂದೆ ತೋರಿಸಿದರು. ಕಾಳಿಲ್ಲದೆ ಒಣಗಿ ಉಜ್ಜಿದ ಬೀಸುವ ಕಲ್ಲುಗಳ ಕಿಡಿ, ಗಿರಣಿಯ ತುಂಬ ತೇಲುತ್ತಿದ್ದ ಹಿಟ್ಟಿನ ಧೂಳು, ಇವೆರಡೂ ಕೂಡಿದ್ದೇ ಕಾರಣ ಎಂದು ಗೊತ್ತಾಯಿತು.

ಮಾಲೀಕ ಕ್ಯಾಡ್‌ವಾಲಡರ್ ವಾಶ್‌ಬರ್ನ್ ಅದೇ ಜಾಗದಲ್ಲಿ ಹೊಸ ಗಿರಣಿ ಕಟ್ಟಿಸಿದ. ಆಸ್ಟ್ರಿಯಾ ಮೂಲದ ವಿಲಿಯಂ ಡಿ ಲಾ ಬಾರ್ ಎಂಬ ಎಂಜಿನಿಯರ್ ಅಲ್ಲಿಗೆ ಬಂದಿದ್ದೇ ಬೀಸುವ ಕಲ್ಲಿನ ಬಳಿಯಿಂದ ಧೂಳು ಎಳೆದುಕೊಳ್ಳುವ ಯಂತ್ರವನ್ನು ಮಾರಲು. 1880ರಲ್ಲಿ ಎದ್ದ ಹೊಸ ಗಿರಣಿಯಲ್ಲಿ ಧೂಳು ಹಿಡಿಯುವ ವ್ಯವಸ್ಥೆ ಇತ್ತು.

ಅದೇ 1880ರ ದಶಕದಲ್ಲಿ ಎರಡು ಉಪಕರಣಗಳು ರೂಪ ಪಡೆದವು. ಒಂದು ಸೈಕ್ಲೋನ್. ದೊಡ್ಡ ಆಲಿಕೆಯಂಥ ತಗಡಿನ ಪಾತ್ರೆಯಲ್ಲಿ ಗಾಳಿಯನ್ನು ಸುಂಟರಗಾಳಿಯ ಹಾಗೆ ತಿರುಗಿಸಿದರೆ ಭಾರದ ಧೂಳು ಗೋಡೆಗೆ ತಾಗಿ ಕೆಳಕ್ಕೆ ಇಳಿಯುತ್ತದೆ. ಇನ್ನೊಂದು ಜರ್ಮನಿಯಲ್ಲಿ ಬೆಳೆದ ಬಟ್ಟೆ ಚೀಲದ ಫಿಲ್ಟರ್. 1950ರ ದಶಕದಲ್ಲಿ ಒತ್ತಡದ ಗಾಳಿಯಿಂದ ಚೀಲಗಳನ್ನು ತಾನೇ ಜಾಡಿಸಿಕೊಳ್ಳುವ ಪಲ್ಸ್ ಜೆಟ್ ಬಂತು. ಇವತ್ತು ಸಿಮೆಂಟ್ ಕಾರ್ಖಾನೆಯಲ್ಲಾಗಲಿ, ಅಕ್ಕಿ ಗಿರಣಿಯಲ್ಲಾಗಲಿ ಕಾಣುವ ಉಪಕರಣಗಳು ಇವುಗಳ ವಂಶದವೇ.

ಅಂದರೆ ಯಂತ್ರ ಸಿಕ್ಕಿ 140 ವರ್ಷವಾಯಿತು. ಹಾಗಾದರೆ ಸಾವು ಯಾಕೆ ನಿಲ್ಲಲಿಲ್ಲ? ಅದಕ್ಕೆ ಉತ್ತರ ಬೇಕಾದರೆ ಯಂತ್ರದ ಹೊಟ್ಟೆಯೊಳಗೆ ನೋಡಬೇಕು.

ಯಂತ್ರದ ಹೊಟ್ಟೆಯಲ್ಲಿ

ಡಸ್ಟ್ ಕಲೆಕ್ಟರಿಗೆ ಐದು ಭಾಗ. ಧೂಳು ಏಳುವ ಜಾಗದಲ್ಲಿ ಬಾಯಿ, ಅದಕ್ಕೆ ಹುಡ್ ಎನ್ನುತ್ತಾರೆ. ಅಲ್ಲಿಂದ ಧೂಳು ಒಯ್ಯುವ ಕೊಳವೆ, ಅದು ಡಕ್ಟ್. ಆಮೇಲೆ ಚೀಲಗಳಿರುವ ಫಿಲ್ಟರ್. ಕೆಳಗೆ ಧೂಳು ಬೀಳುವ ಹಾಪರ್, ಅದರಡಿ ಡ್ರಮ್ಮು. ಕೊನೆಗೆ ಇಷ್ಟನ್ನೂ ಎಳೆಯುವ ಫ್ಯಾನು.

ಇವು ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದು ಕೆಟ್ಟರೆ ಇನ್ನೊಂದು ಕೆಡುತ್ತದೆ. ಕೊಳವೆಯಲ್ಲಿ ಗಾಳಿ ಸಾಮಾನ್ಯವಾಗಿ ಸೆಕೆಂಡಿಗೆ 18–20 ಮೀಟರ್ ವೇಗದಲ್ಲಿ ಓಡಬೇಕು. ಕಾಲುವೆಯಲ್ಲಿ ನೀರಿನ ವೇಗ ಕಡಿಮೆಯಾದರೆ ಹೂಳು ಕೂರುವ ಹಾಗೆ, ಕೊಳವೆಯಲ್ಲಿ ಗಾಳಿಯ ವೇಗ ಕಡಿಮೆಯಾದರೆ ಧೂಳು ಕೂರುತ್ತದೆ. ಹೂಳು ಕೂತಷ್ಟೂ ದಾರಿ ಕಿರಿದಾಗುತ್ತದೆ, ದಾರಿ ಕಿರಿದಾದಷ್ಟೂ ಎಳೆತ ಕಡಿಮೆಯಾಗುತ್ತದೆ. ಕೊನೆಗೆ ಫ್ಯಾನು ತಿರುಗುವ ಸದ್ದು ಮಾತ್ರ ಇರುತ್ತದೆ, ಧೂಳು ಎಳೆಯುವ ಕೆಲಸ ನಿಂತಿರುತ್ತದೆ. ಹೊರಗಿನಿಂದ ನೋಡುವವರಿಗೆ ಯಂತ್ರ ಓಡುತ್ತಿದೆ ಎಂದೇ ಕಾಣುತ್ತದೆ.

ಫ್ಯಾನಿನ ಬೆಲ್ಟು ಸಡಿಲವಾದರೂ ಹೀಗೇ. ಯಾರೋ ಹೊಸ ಯಂತ್ರ ತಂದು ಅದೇ ಕೊಳವೆಗೆ ಇನ್ನೊಂದು ಕವಲು ಸೇರಿಸಿದರೂ ಹೀಗೇ. ಒಂದೇ ಪಂಪಿಗೆ ಹೊಲದಲ್ಲಿ ನಾಲ್ಕು ಪೈಪು ಹೆಚ್ಚಿಗೆ ಹಾಕಿದರೆ ಏನಾಗುತ್ತದೆ ಎಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಚೀಲ ಕಟ್ಟಿಕೊಂಡಿದೆಯೋ ಹರಿದಿದೆಯೋ ತಿಳಿಯಲು ಒಂದು ಪ್ರೆಶರ್ ಗೇಜ್ ಇರುತ್ತದೆ. ಚೀಲದ ಈ ಕಡೆ ಆ ಕಡೆ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಇದೆ ಎಂದು ಅದು ತೋರಿಸುತ್ತದೆ. ಮುಳ್ಳು ತೀರಾ ಮೇಲೇರಿದರೆ ಚೀಲ ಕಟ್ಟಿಕೊಂಡಿದೆ. ಇದ್ದಕ್ಕಿದ್ದಂತೆ ತೀರಾ ಇಳಿದರೆ ಚೀಲ ಹರಿದಿರಬಹುದು. ಅದನ್ನು ಪ್ರತಿ ಪಾಳಿಯಲ್ಲೂ ಓದಿ ಬರೆದಿಡಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಯಾರದ್ದು ಎಂಬುದೇ ತೀರ್ಮಾನವಾಗದ ಕಾರ್ಖಾನೆಗಳಲ್ಲಿ ಮುಂದಿನ ಘಟನೆಗಳಂಥವು ನಡೆಯುತ್ತವೆ.

ಚಕ್ರ ಮಾಡುವ ಕಾರ್ಖಾನೆ

2003ರಲ್ಲಿ ಅಮೆರಿಕದಲ್ಲಿ ಒಂದೇ ವರ್ಷ ಮೂರು ಕಾರ್ಖಾನೆಗಳು ಧೂಳಿನಿಂದ ಸಿಡಿದವು. ಒಂದು ರಬ್ಬರಿನ ಔಷಧ ಸಾಮಗ್ರಿ ಮಾಡುವುದು, ಒಂದು ವಾಹನಗಳಿಗೆ ಶಬ್ದ ತಡೆಯುವ ಹಾಳೆ ಮಾಡುವುದು. ಮೂರನೆಯದು ಇಂಡಿಯಾನ ರಾಜ್ಯದ ಹಂಟಿಂಗ್ಟನ್ ಊರಿನ ಹೇಯ್ಸ್ ಲೆಮರ್ಜ್. ಕಾರುಗಳಿಗೆ ಅಲ್ಯೂಮಿನಿಯಂ ಚಕ್ರ ಮಾಡುವ ಕಾರ್ಖಾನೆ ಅದು. ಆ ವರ್ಷದ ಅಕ್ಟೋಬರ್ 29ರಂದು ಅಲ್ಲಿ ಒಬ್ಬ ಕಾರ್ಮಿಕ ಸತ್ತ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ತನಿಖೆ ನಡೆಸಿತು. ಸಿಡಿತ ಬಹುಶಃ ಶುರುವಾದದ್ದು ಡಸ್ಟ್ ಕಲೆಕ್ಟರಿನ ಒಳಗೇ ಎಂದಿತು. ಅದನ್ನು ಸರಿಯಾಗಿ ಸ್ವಚ್ಛ ಮಾಡಿರಲಿಲ್ಲ. ಸಿಡಿದರೆ ಒತ್ತಡ ಹೊರಗೆ ಹೋಗಲು ತಕ್ಕ ದಾರಿಯೂ ಇರಲಿಲ್ಲ. ಮೊದಲೂ ಸಣ್ಣಪುಟ್ಟ ಬೆಂಕಿ ಕಾಣಿಸಿಕೊಂಡಿತ್ತು, ಯಾಕೆ ಎಂದು ಯಾರೂ ಹುಡುಕಿರಲಿಲ್ಲ.

ಈ ಮೂರು ಘಟನೆಗಳ ನಂತರ ಮಂಡಳಿ ಹಳೆಯ ಕಡತಗಳನ್ನೂ ತೆಗೆದು ನೋಡಿತು. 1980ರಿಂದ 2005ರವರೆಗೆ ಅಮೆರಿಕ ಒಂದರಲ್ಲೇ ಧೂಳಿನ ಬೆಂಕಿ ಮತ್ತು ಸಿಡಿತದ 281 ಘಟನೆ, 119 ಸಾವು, 718 ಜನರಿಗೆ ಗಾಯ. ಈ ಲೆಕ್ಕ ಹೊರಬಂದದ್ದು 2006ರಲ್ಲಿ.

ಸಕ್ಕರೆ ಕಾರ್ಖಾನೆ

ಲೆಕ್ಕ ಹೊರಬಂದು ಎರಡು ವರ್ಷವೂ ತುಂಬಿರಲಿಲ್ಲ. 2008ರ ಫೆಬ್ರುವರಿ 7ರ ಸಂಜೆ ಸುಮಾರು ಏಳೂಕಾಲಕ್ಕೆ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಕಂಪನಿಯ ಸಕ್ಕರೆ ಶುದ್ಧೀಕರಣ ಕಾರ್ಖಾನೆ ಸಿಡಿಯಿತು. ಅದು 1917ರಿಂದ ನಡೆಯುತ್ತಿದ್ದ ಕಾರ್ಖಾನೆ. 14 ಜನ ಸತ್ತರು, 36 ಜನ ಗಾಯಗೊಂಡರು. ಸತ್ತವರಲ್ಲಿ ಕೆಲವರು ಸುಟ್ಟಗಾಯದ ಆಸ್ಪತ್ರೆಯಲ್ಲಿ ದಿನಗಟ್ಟಲೆ ನರಳಿ ಪ್ರಾಣ ಬಿಟ್ಟರು.

ಸಕ್ಕರೆ ತುಂಬಿದ ಸೈಲೋಗಳ ಕೆಳಗೆ ಒಂದು ಕನ್ವೇಯರ್ ಬೆಲ್ಟ್ ಇತ್ತು. ಮೊದಲು ತೆರೆದೇ ಇತ್ತು. ಸಕ್ಕರೆಗೆ ಕಸ ಬೀಳಬಾರದೆಂದು 2007ರಲ್ಲಿ ಅದಕ್ಕೆ ಸ್ಟೀಲ್ ತಗಡು ಮುಚ್ಚಿದರು. ಉದ್ದೇಶ ಒಳ್ಳೆಯದೇ. ಆದರೆ ಮುಚ್ಚಿದ ಮೇಲೆ ಒಳಗೆ ಏಳುವ ಧೂಳನ್ನು ಎಳೆಯಲು ಏನೂ ಇಡಲಿಲ್ಲ. ಮೊದಲು ದೊಡ್ಡ ಸುರಂಗದಲ್ಲಿ ಹರಡಿಹೋಗುತ್ತಿದ್ದ ಧೂಳು ಈಗ ತಗಡಿನ ಪೆಟ್ಟಿಗೆಯೊಳಗೆ ದಟ್ಟವಾಯಿತು. ಬಹುಶಃ ಕಾದ ಬೇರಿಂಗ್ ಒಂದು ಅದಕ್ಕೆ ಬೆಂಕಿ ಕೊಟ್ಟಿತು ಎನ್ನುತ್ತದೆ ತನಿಖೆ.

ಇದು ಮೊದಲ ಸಿಡಿತ. ಕಟ್ಟಡಗಳನ್ನು ಒಂದಾದ ಮೇಲೊಂದು ಕೆಡವಿದ್ದು ಎರಡನೆಯ ಸಿಡಿತ. ಪ್ಯಾಕಿಂಗ್ ವಿಭಾಗದ ನೆಲದಲ್ಲಿ, ತೊಲೆಗಳ ಮೇಲೆ ಸಕ್ಕರೆ ಪುಡಿ ಕೂತಿತ್ತು. ಅಲ್ಲಿ ಧೂಳು ಹಿಡಿಯುವ ವ್ಯವಸ್ಥೆ ಇರಲಿಲ್ಲವೇ? ಇತ್ತು. ಅದರ ಸಾಮರ್ಥ್ಯ ಸಾಲುತ್ತಿರಲಿಲ್ಲ, ಕೆಲವು ಭಾಗ ಕೆಟ್ಟಿತ್ತು. ತನಿಖೆಯವರು ಬಿಚ್ಚಿ ನೋಡಿದಾಗ ಕೆಲವು ಕೊಳವೆಗಳು ಅರ್ಧ, ಕೆಲವು ಪೂರ್ತಿ ಸಕ್ಕರೆ ಪುಡಿಯಿಂದ ತುಂಬಿಕೊಂಡಿದ್ದವು. ಯಂತ್ರ ಎಳೆಯದೆ ಬಿಟ್ಟ ಪುಡಿಯನ್ನು ಕಾರ್ಮಿಕರು ಒತ್ತಡದ ಗಾಳಿ ಬಿಟ್ಟು ಊದಿ ತೆಗೆಯುತ್ತಿದ್ದರು. ಹಾಗೆ ಊದಿದ್ದು ಹೋಗಿ ಕೂತದ್ದು ಮೇಲಿನ ತೊಲೆಗಳಲ್ಲಿ.

ಸಕ್ಕರೆ ಧೂಳು ಸಿಡಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1925ರಷ್ಟು ಹಿಂದೆಯೇ ಸಕ್ಕರೆ ಉದ್ಯಮಕ್ಕೆ ಈ ಅಪಾಯ ಗೊತ್ತಿತ್ತು ಎಂದು ತನಿಖಾ ವರದಿ ತೋರಿಸಿತು. ಕಾರ್ಖಾನೆ ದಶಕಗಟ್ಟಲೆ ಏನೂ ಆಗದೆ ನಡೆದಿತ್ತು. ಏನೂ ಆಗಲಿಲ್ಲ ಎಂಬುದನ್ನೇ ಎಲ್ಲ ಸರಿಯಿದೆ ಎಂಬುದಕ್ಕೆ ಸಾಕ್ಷಿ ಮಾಡಿಕೊಂಡರು. ಬೆಂಕಿ ಬಿದ್ದರೆ ಕತ್ತಲಲ್ಲಿ ಯಾವ ದಾರಿಯಿಂದ ಓಡಬೇಕು ಎಂಬ ಅಭ್ಯಾಸವನ್ನೂ ಮಾಡಿಸಿರಲಿಲ್ಲ. ಕಂಪನಿಗೆ ಆಮೇಲೆ ಬಿದ್ದ ದಂಡ ಸುಮಾರು 60 ಲಕ್ಷ ಡಾಲರ್.

ಡ್ರಮ್ಮಿನ ತಳದ ತೂತು

ಇಂಡಿಯಾನದ ಚಕ್ರದ ಕಾರ್ಖಾನೆ ಸಿಡಿದು ಹನ್ನೊಂದು ವರ್ಷವಾಗಲು ಬಂದಿತ್ತು. ಚೀನಾದಲ್ಲಿ ಅಂಥದೇ ಕೆಲಸ ಮಾಡುವ ಇನ್ನೊಂದು ಕಾರ್ಖಾನೆ ಇತ್ತು. ಶಾಂಘೈ ನಗರದ ಹತ್ತಿರ ಕುನ್‌ಶಾನ್ ಎಂಬಲ್ಲಿ ಝೊಂಗ್‌ರೊಂಗ್ ಕಂಪನಿ ಕಾರಿನ ಅಲ್ಯೂಮಿನಿಯಂ ಚಕ್ರಗಳನ್ನು ಪಾಲಿಶ್ ಮಾಡುತ್ತಿತ್ತು. ಎರಡು ಮಹಡಿಯಲ್ಲಿ 32 ಸಾಲು. ಪ್ರತಿ ನಾಲ್ಕು ಸಾಲಿಗೆ ಒಂದರಂತೆ 8 ಧೂಳು ಹಿಡಿಯುವ ವ್ಯವಸ್ಥೆ. ಕೆಲಸದವರಲ್ಲಿ ಅನೇಕರು ಹೆನಾನ್‌ನಂಥ ದೂರದ ಪ್ರಾಂತ್ಯಗಳ ಹಳ್ಳಿಗಳಿಂದ ಬಂದವರು.

2014ರ ಆಗಸ್ಟ್ 2, ಶನಿವಾರ. ಹಿಂದಿನ ಎರಡು ದಿನ ಮಳೆ ಸುರಿದಿತ್ತು. ಗಾಳಿಯಲ್ಲಿ ತೇವ ತುಂಬಿತ್ತು. ಬೆಳಿಗ್ಗೆ 7 ಗಂಟೆಗೆ ಕಾರ್ಮಿಕರು ಬಂದರು. 7 ಗಂಟೆ 10 ನಿಮಿಷಕ್ಕೆ ಫ್ಯಾನುಗಳನ್ನು ಹಾಕಿ ಕೆಲಸ ಶುರು ಮಾಡಿದರು. 7 ಗಂಟೆ 34 ನಿಮಿಷಕ್ಕೆ 1ನೇ ನಂಬರಿನ ಡಸ್ಟ್ ಕಲೆಕ್ಟರ್ ಸಿಡಿಯಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ತುಕ್ಕು ಹಿಡಿದ ಡ್ರಮ್ಮು. ಧೂಳು ಬಂದು ಬೀಳುವ ಆ ಡ್ರಮ್ಮಿನ ತಳ ತುಕ್ಕಿನಿಂದ ತೂತಾಗಿತ್ತು. ತೂತಿನಿಂದ ತೇವ ಒಳಗೆ ಹೋಯಿತು. ಅಲ್ಯೂಮಿನಿಯಂ ಪುಡಿಗೆ ನೀರು ತಾಗಿದರೆ ಅದು ಒಳಗೊಳಗೇ ಕಾಯುತ್ತದೆ. ಒದ್ದೆ ಹುಲ್ಲು ಒಟ್ಟಿದ ಬಣವೆಯೊಳಗೆ ಕೈ ಹಾಕಿದರೆ ಬಿಸಿ ತಾಗುವುದಿಲ್ಲವೇ, ಆ ಥರ. ಆದರೆ ಲೋಹದ ಪುಡಿ ಕಾಯುವುದು ಅದಕ್ಕಿಂತ ಎಷ್ಟೋ ಪಟ್ಟು ತೀವ್ರ. ಡ್ರಮ್ಮಿನ ಮೇಲ್ಗಡೆ ಪುಡಿ ತೇಲುತ್ತಿತ್ತು. ಕಾದ ಪುಡಿ ಅದಕ್ಕೆ ಬೆಂಕಿ ಹಚ್ಚಿತು.

ಆಮೇಲೆ ನಡೆದದ್ದು ಈ ಇಡೀ ಚರಿತ್ರೆಯಲ್ಲೇ ಅತಿ ಕ್ರೂರವಾದದ್ದು. ಧೂಳನ್ನು ಕಾರ್ಮಿಕರಿಂದ ದೂರ ಒಯ್ಯಲೆಂದು ಹಾಕಿದ್ದ ಕೊಳವೆಗಳೇ ಬೆಂಕಿಯನ್ನು ಕಾರ್ಮಿಕರ ಬಳಿಗೆ ತಂದವು. ಸಿಡಿತದ ಹೊಡೆತ ಕೊಳವೆಗಳ ಒಳಗೆ ಹಿಂದಕ್ಕೆ ಓಡಿ, ಅಲ್ಲಿ ಕೂತಿದ್ದ ಪುಡಿಯನ್ನೂ ಕೆಲಸದ ಜಾಗದಲ್ಲಿ ಕೂತಿದ್ದ ಪುಡಿಯನ್ನೂ ಎಬ್ಬಿಸಿತು. ಸಾಲು ಸಾಲಾಗಿ ಸಿಡಿಯಿತು. ಒಂದೊಂದು ಹುಡ್ಡಿನ ಮುಂದೆಯೂ ಒಬ್ಬರು ನಿಂತಿದ್ದರು.

ಅದೇ ದಿನ 75 ಜನ ಸತ್ತರು. 30 ದಿನದೊಳಗೆ ಸಂಖ್ಯೆ 97ಕ್ಕೆ ಏರಿತು. ಆಸ್ಪತ್ರೆಗಳಲ್ಲಿ ಸಾಯುತ್ತಾ ಹೋದವರನ್ನು ಸೇರಿಸಿ ಕೊನೆಗೆ 146 ಆಯಿತು.

ಧೂಳನ್ನು ನಿಯಮದ ಪ್ರಕಾರ ಸ್ವಚ್ಛ ಮಾಡುತ್ತಿರಲಿಲ್ಲ, ಸಿಡಿತದ ಒತ್ತಡ ಹೊರಹೋಗುವ ವ್ಯವಸ್ಥೆ ಇರಲಿಲ್ಲ, ಕಾರ್ಮಿಕರಿಗೆ ತರಬೇತಿ ಇರಲಿಲ್ಲ ಎಂದು ಸರ್ಕಾರಿ ತನಿಖೆ ಹೇಳಿತು. 2016ರಲ್ಲಿ ಕಂಪನಿಯವರೂ ಸರ್ಕಾರಿ ಅಧಿಕಾರಿಗಳೂ ಸೇರಿ 14 ಜನರಿಗೆ ಜೈಲು ಶಿಕ್ಷೆಯಾಯಿತು.

ಒಂದು ಡ್ರಮ್ಮಿನ ಬೆಲೆ ಎಷ್ಟು? ಅದರ ತಳ ತೂತಾಗಿದೆಯೇ ಎಂದು ಬಗ್ಗಿ ನೋಡಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ತುಕ್ಕು ಒಂದೇ ದಿನದಲ್ಲಿ ತೂತು ಮಾಡುವುದಿಲ್ಲ. ಆ ಡ್ರಮ್ಮು ಪ್ರತಿದಿನ ಯಾರದೋ ಕಣ್ಣೆದುರು ಇತ್ತು. ಅದನ್ನು ನೋಡಬೇಕಾದದ್ದು ತನ್ನ ಕೆಲಸ ಎಂದು ಯಾರಿಗೂ ಅನಿಸದ ಹಾಗೆ ವ್ಯವಸ್ಥೆ ಇತ್ತು.

ಕಾನೂನು ಏನು ಹೇಳುತ್ತದೆ?

ಕುನ್‌ಶಾನ್ ಆದ ಮೇಲೆ ಚೀನಾ ಸರ್ಕಾರ ಐದು ಅಂಶದ ಚಿಕ್ಕ ನಿಯಮ ಹೊರಡಿಸಿತು. ಪ್ರತಿ ಪಾಳಿಯಲ್ಲೂ ಧೂಳು ತಪಾಸಣೆ ಮಾಡಿ ಸ್ವಚ್ಛಗೊಳಿಸಬೇಕು. ಧೂಳು ಹಿಡಿಯುವ ಯಂತ್ರ ನಿಂತಿದ್ದರೆ ಕೆಲಸವೂ ನಿಲ್ಲಬೇಕು, ಜನರನ್ನು ಹೊರಗೆ ಕಳಿಸಬೇಕು. ಲೋಹದ ಪುಡಿ ಇಡುವ ಕಡೆ ನೀರು, ತೇವ ತಾಗದ ಏರ್ಪಾಡು ಇರಬೇಕು. ಈ ಒಂದೊಂದು ಸಾಲಿನ ಹಿಂದೆಯೂ ಆ ಶನಿವಾರದ ಬೆಳಿಗ್ಗೆ ಇದೆ.

ಬ್ರಿಟನ್ನಿನಲ್ಲಿ ಕ್ರಮ ಬೇರೆ ಥರ. ಕಾರ್ಮಿಕರ ಉಸಿರಿಗೆ ಧೂಳು ಹೋಗದಂತೆ ಎಳೆಯುವ ಯಂತ್ರವನ್ನು 14 ತಿಂಗಳಿಗೊಮ್ಮೆಯಾದರೂ ತಿಳಿದವರಿಂದ ಪೂರ್ತಿ ಪರೀಕ್ಷೆ ಮಾಡಿಸಬೇಕು, ವರದಿಯನ್ನು 5 ವರ್ಷ ಇಟ್ಟುಕೊಳ್ಳಬೇಕು. ಚಿನ್ನ, ಪ್ಲಾಟಿನಂ, ಇರಿಡಿಯಂ ಬಿಟ್ಟು ಉಳಿದ ಲೋಹಗಳನ್ನು ವಾರಕ್ಕೆ 12 ಗಂಟೆಗಿಂತ ಹೆಚ್ಚು ಉಜ್ಜಿ ಪಾಲಿಶ್ ಮಾಡುವ ಕಡೆ 6 ತಿಂಗಳಿಗೊಮ್ಮೆ. ಅಲ್ಯೂಮಿನಿಯಂ ಇದೇ ಗುಂಪಿಗೆ ಸೇರಿದ್ದು.

ನಮ್ಮಲ್ಲೂ ಕಾನೂನು ಇಲ್ಲ ಎನ್ನುವ ಹಾಗಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದನ್ನು ಬರೆದರು. 14ನೇ ಸೆಕ್ಷನ್ ಧೂಳು ಏಳುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಅದನ್ನು ಎಳೆಯುವ ಯಂತ್ರ ಇರಬೇಕು ಎಂದಿತು. 37ನೇ ಸೆಕ್ಷನ್ ಸಿಡಿಯುವ ಧೂಳಿನ ಬಗ್ಗೆಯೇ ಇತ್ತು: ಯಂತ್ರ ಮುಚ್ಚಿರಬೇಕು, ಧೂಳು ಕೂರಲು ಬಿಡಬಾರದು, ಕಿಡಿ ಹುಟ್ಟುವ ಯಾವುದೂ ಹತ್ತಿರ ಇರಬಾರದು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ತನ್ನ ಕೆಲಸದ ಜಾಗದ ಸುರಕ್ಷತೆಯ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಕಾರ್ಮಿಕರಿಗೆ ಬಂತು. ಹಳೆಯ ಕಾಯ್ದೆಯ ಜಾಗಕ್ಕೆಂದು 2020ರಲ್ಲಿ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ರೂಪಿಸಿದರು. ಕಾಗದದಲ್ಲಿ ನಾವು ಹಿಂದೆ ಬಿದ್ದಿಲ್ಲ.

ಸಿಡಿಯದ ಧೂಳೂ ಕೊಲ್ಲುತ್ತದೆ

ಇಷ್ಟು ಓದಿ, ನಮ್ಮ ಕಡೆ ಇರುವುದು ಕಲ್ಲು ಕ್ರಷರ್, ಸಿಮೆಂಟ್ ಕಾರ್ಖಾನೆ, ಅದರ ಧೂಳು ಸಿಡಿಯುವುದಿಲ್ಲವಲ್ಲ ಎನ್ನಬಹುದು. ನಿಜ, ಕಲ್ಲಿನ ಪುಡಿಗೆ ಬೆಂಕಿ ಹತ್ತುವುದಿಲ್ಲ. ಅದು ನಿಧಾನವಾಗಿ ಕೊಲ್ಲುತ್ತದೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಿಗೆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತಿತ್ತು. 1940ರ ದಶಕದ ವೈದ್ಯಕೀಯ ತಪಾಸಣೆಯಲ್ಲೇ ಸಾವಿರಾರು ಜನರಲ್ಲಿ ಅದು ಕಂಡಿತ್ತು. ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ. 2001ರಲ್ಲಿ ಗಣಿ ಮುಚ್ಚಿತು, ಎದೆಯೊಳಗೆ ಹೋದ ಧೂಳು ಹೊರಗೆ ಬರಲಿಲ್ಲ.

ಹಾಗಾಗಿ ಕಟ್ಟಿಕೊಂಡ ಕೊಳವೆಗೆ ಎರಡು ಥರದ ಬೆಲೆ ಇದೆ. ಸಕ್ಕರೆ, ಹಿಟ್ಟು, ಅಲ್ಯೂಮಿನಿಯಂ ಆದರೆ ಒಂದೇ ಕ್ಷಣದಲ್ಲಿ ಕಟ್ಟಬೇಕು. ಕಲ್ಲು ಆದರೆ ಇಪ್ಪತ್ತು ವರ್ಷದ ಕೆಮ್ಮಿನಲ್ಲಿ ಕಟ್ಟಬೇಕು. ಎರಡಕ್ಕೂ ಕಾರಣ ಒಂದೇ, ನೋಡದೆ ಬಿಟ್ಟದ್ದು.

ಏನು ನೋಡಬೇಕು?

ನಮ್ಮ ಊರುಗಳಿಂದ ಹುಡುಗರು, ಹೆಣ್ಣುಮಕ್ಕಳು ಪೀಣ್ಯಕ್ಕೆ, ಬಿಡದಿಗೆ, ಹೊಸೂರಿಗೆ ಹೋಗುತ್ತಾರೆ. ಉಳಿದವರು ಹತ್ತಿರದ ಸಕ್ಕರೆ ಕಾರ್ಖಾನೆ, ರೈಸ್ ಮಿಲ್, ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ಕಂಟ್ರಾಕ್ಟ್ ಕೆಲಸ ಮಾಡುತ್ತಾರೆ. ಧೂಳಿನ ಡ್ರಮ್ಮು ಖಾಲಿ ಮಾಡುವ ಕೆಲಸ ಬಹಳ ಸಲ ಅವರ ಪಾಲಿಗೇ ಬರುತ್ತದೆ. ಅವರು ಎಂಜಿನಿಯರ್ ಆಗಬೇಕಿಲ್ಲ. ಈ ಕೆಲವು ಸಂಗತಿ ಕಣ್ಣಿಗೆ ಬಿದ್ದರೆ ಸಾಕು.

ದಿನಾ: ಹುಡ್ಡಿನ ಬಾಯಿಯ ಹತ್ತಿರ ಧೂಳು ಒಳಗೆ ಹೋಗುತ್ತಿದೆಯೇ, ಮುಖಕ್ಕೆ ಬರುತ್ತಿದೆಯೇ? ಗೇಜಿನ ಮುಳ್ಳು ಎಲ್ಲಿದೆ? ಡ್ರಮ್ಮು ತುಂಬುವ ಮೊದಲೇ ಖಾಲಿ ಮಾಡುತ್ತಿದ್ದಾರೆಯೇ?

ವಾರಕ್ಕೊಮ್ಮೆ: ಕೊಳವೆಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೋ, ತುಂಬಿದ ಸದ್ದೋ? ಕೊಳವೆಯಲ್ಲಿ, ಡ್ರಮ್ಮಿನಲ್ಲಿ ತೂತು, ತುಕ್ಕು ಇದೆಯೇ? ಫ್ಯಾನಿನ ಬೆಲ್ಟು ಬಿಗಿಯಾಗಿದೆಯೇ? ಬೇರಿಂಗ್ ಅತಿಯಾಗಿ ಕಾಯುತ್ತಿದೆಯೇ, ಕಿರುಗುಟ್ಟುತ್ತಿದೆಯೇ? ತೊಲೆಯ ಮೇಲೆ, ದೀಪದ ಮೇಲೆ ಎಷ್ಟು ಧೂಳು ಕೂತಿದೆ?

ಕಂಪನಿಯೇ ತಿಳಿದವರಿಂದ ಕಾಲಕಾಲಕ್ಕೆ ಮಾಡಿಸಬೇಕಾದದ್ದು: ಚೀಲಗಳನ್ನು ಬಿಚ್ಚಿ ನೋಡುವುದು, ಕೊಳವೆಯಲ್ಲಿ ಗಾಳಿಯ ವೇಗ ಅಳೆಯುವುದು, ಅರ್ಥಿಂಗ್ ಸರಿ ಇದೆಯೇ ಪರೀಕ್ಷಿಸುವುದು, ಸಿಡಿತದ ಒತ್ತಡ ಹೊರಹೋಗುವ ಬಾಗಿಲಿಗೆ ಯಾವುದೂ ಅಡ್ಡ ಇಲ್ಲದ ಹಾಗೆ ನೋಡಿಕೊಳ್ಳುವುದು, ಇಷ್ಟನ್ನೂ ದಿನಾಂಕ ಹಾಕಿ ಬರೆದಿಡುವುದು.

ಎರಡು ಎಚ್ಚರಿಕೆ. ಯಂತ್ರ ಓಡುತ್ತಿರುವಾಗ ಯಾರೂ ಅದರೊಳಗೆ ಕೈ ಹಾಕಬಾರದು. ಸಿಡಿಯುವ ಧೂಳನ್ನು ಒತ್ತಡದ ಗಾಳಿಯಿಂದ ಊದಬಾರದು.

ಕಾರ್ಮಿಕರು ಹೇಳಿದರೂ ಸೂಪರ್‌ವೈಸರ್ ಕೇಳದಿದ್ದರೆ? ಕಂಟ್ರಾಕ್ಟ್ ಕೆಲಸದವರಿಗೆ ಬಾಯಿ ಬಿಡುವುದು ಸುಲಭವಲ್ಲ, ನಾಳೆ ಗೇಟಿನಲ್ಲೇ ನಿಲ್ಲಿಸಬಹುದು ಎಂಬ ಭಯ ಇರುತ್ತದೆ. ಅದಕ್ಕೇ ಒಬ್ಬರೇ ಹೇಳುವುದಕ್ಕಿಂತ ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೊಡುವುದು ಲೇಸು. ರಾಜ್ಯದಲ್ಲಿ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆ ಇದೆ, ಕಾರ್ಖಾನೆಗಳ ತಪಾಸಣೆ ಅದರ ಜವಾಬ್ದಾರಿ. ಸುದ್ದಿ ಬರೆಯುವ ನಮಗೂ ಒಂದು ಪಾಲು ಇದೆ. ಕಾರ್ಖಾನೆಯಲ್ಲಿ ಬೆಂಕಿ ಬಿದ್ದಾಗ ‘ಆಕಸ್ಮಿಕ’ ಎಂಬ ಪದ ಪ್ರಕಟಣೆಯಲ್ಲಿ ತಾನಾಗೇ ಬಂದು ಕೂರುತ್ತದೆ. ಕೊನೆಯ ತಪಾಸಣೆ ಯಾವ ದಿನ ನಡೆಯಿತು, ಲಾಗ್ ಬುಕ್ ಎಲ್ಲಿದೆ ಎಂದು ಕೇಳಿದ ಮೇಲೆ ಆ ಪದ ಉಳಿಯುತ್ತದೆಯೋ ಇಲ್ಲವೋ ನೋಡಬೇಕು.

ಮಿನಿಯಾಪೊಲಿಸ್‌ನ ಕಾಲದಲ್ಲಿ ಯಂತ್ರ ಇರಲಿಲ್ಲ, ಅವರನ್ನು ಅಷ್ಟಾಗಿ ದೂರುವ ಹಾಗಿಲ್ಲ. ಪೋರ್ಟ್ ವೆಂಟ್‌ವರ್ತ್‌ನಲ್ಲಿ ಯಂತ್ರ ಇತ್ತು, ಕುನ್‌ಶಾನ್‌ನಲ್ಲೂ ಇತ್ತು. ಎರಡೂ ಕಡೆ ಇರಲಿಲ್ಲದ್ದು ಅದನ್ನು ನೋಡಿಕೊಳ್ಳುವ ಶಿಸ್ತು. ನಿಮ್ಮ ಮನೆಯಿಂದ ಯಾರಾದರೂ ಇಂಥ ಕಡೆ ಕೆಲಸಕ್ಕೆ ಹೋಗುತ್ತಿದ್ದರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ನಿಮ್ಮ ಕಡೆ ಧೂಳಿನ ಡ್ರಮ್ಮು ಕೊನೆಗೆ ನೋಡಿದ್ದು ಯಾರು, ಯಾವಾಗ?